ರಿವರ್ಸ್ ಬಾರದವಳ ಭದ್ರಾವತಿ ಯಾತ್ರೆ

ನನಗೆ ಕಾರು ಓಡಿಸಲು ಬರುತ್ತದೆ. ಈ ಮಾತನ್ನು ನಾನು ಕೆಲಸ ಮಾಡುವ ಕಾಲೇಜಿನ ಆಫೀಸಿನಲ್ಲಿ ಹೇಳಿದ್ದೇನೆ, ಆಲ್ಕೊಳ ಸರ್ಕಲ್ಲಿನ ತರಕಾರಿ ಅಂಗಡಿಯಲ್ಲಿ ಹೇಳಿದ್ದೇನೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗಲೂ ಸನ್ನೆಯಲ್ಲಿ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡಿದ್ದು ಒಂದೇ ವಿಷಯ. ನನಗೆ ಕಾರು ಓಡಿಸಲು ಬರುವುದು ಮುಂದಕ್ಕೆ ಮಾತ್ರ. ಹಿಂದಕ್ಕೆ ಬರುವುದಿಲ್ಲ. ಯಾವುದೇ ವಿದ್ಯೆಯನ್ನು ಅರ್ಧ ಕಲಿತವರಿಗೆ ಇರುವಷ್ಟು ಹೆಮ್ಮೆ ಪೂರ್ತಿ ಕಲಿತವರಿಗೆ ಇರುವುದಿಲ್ಲ ಎಂಬುದು ನನ್ನ ಅನುಭವ. ಪೂರ್ತಿ ಕಲಿತವರು ಆ ಕೆಲಸ ಮಾಡುತ್ತಾ ಇರುತ್ತಾರೆ, ಪಾಪ, ಹೇಳಿಕೊಂಡು ತಿರುಗಲು ಅವರಿಗೆ ಪುರುಸೊತ್ತೆಲ್ಲಿ?

ಐವತ್ತು ದಾಟಿದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿದವಳು ನಾನು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಜೊತೆ ಬ್ರೇಕು, ಕ್ಲಚ್ಚು ಇರುತ್ತಿದ್ದವು. ಹಿಂದಕ್ಕೆ ತೆಗೆಯುವಾಗಲೆಲ್ಲ ಆ ಕಾರು ಎಷ್ಟು ಚೆನ್ನಾಗಿ ಹೋಗುತ್ತಿತ್ತೆಂದರೆ ಅದು ನನ್ನದೇ ಕೈಗುಣ ಎಂದು ತಿಳಿದಿದ್ದೆ. ಮನೆಗೆ ಬಂದು ಸ್ವಂತ ಕಾರಿನಲ್ಲಿ ಕೂತಾಗ ಸತ್ಯ ಗೊತ್ತಾಯಿತು. ಕನ್ನಡಿಯಲ್ಲಿ ನೋಡಿದರೆ ಎಡ ಬಲವಾಗುತ್ತದೆ, ತಿರುಗಿ ನೋಡಿದರೆ ಕತ್ತು ಹಿಡಿದುಕೊಳ್ಳುತ್ತದೆ, ಎರಡನ್ನೂ ಬಿಟ್ಟು ದೇವರ ಮೇಲೆ ಭಾರ ಹಾಕಿದರೆ ತುಳಸಿಕಟ್ಟೆ ಅಡ್ಡ ಬರುತ್ತದೆ. ಹಾಗಾಗಿ ಮನೆಯಲ್ಲಿ ಖಾತೆ ಹಂಚಿಕೆಯಾಯಿತು. ಮುಂದಕ್ಕೆ ಹೋಗುವುದೆಲ್ಲ ನನ್ನ ಖಾತೆ. ಸಂಜೆ ನಾನು ಬಂದು ಇಳಿದ ಮೇಲೆ ಕಾರನ್ನು ಹಿಂದೆ ಮುಂದೆ ಮಾಡಿ, ಮೂತಿ ರಸ್ತೆಯ ಕಡೆಗೆ ಬರುವಂತೆ ನಿಲ್ಲಿಸುವುದು ನಮ್ಮ ಯಜಮಾನರ ಖಾತೆ. ಅವರು ಈ ಖಾತೆಯ ವಿಷಯವನ್ನು ಹೊರಗೆ ಯಾರ ಹತ್ತಿರವೂ ಬಾಯಿ ಬಿಟ್ಟವರಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಮಾಡಿದ ದೊಡ್ಡ ಉಪಕಾರ ಅದು.

ಇನ್ನು ನನ್ನ ಮಗಳು ಸಿಂಚನಾಳ ವಿಷಯ ಹೇಳಬೇಕು. ಅವಳು ಡಿಸೈನರ್. ಹೊರರಾಜ್ಯದಲ್ಲಿ ಓದು ಮುಗಿಸಿ ವಾಪಸ್ ಬಂದು, ಮನೆಯ ಮಹಡಿಯ ಕೋಣೆಯಲ್ಲೇ ಕೆಲಸ ಶುರು ಮಾಡಿದ್ದಾಳೆ. ಅಕ್ಷರ ಬರೆಯುವುದು, ಗೋಡೆಗೆ ಚಿತ್ರ ಮಾಡುವುದು, ಪೊಟ್ಟಣಗಳ ಮೇಲೆ ಏನೇನು ಎಲ್ಲೆಲ್ಲಿ ಇರಬೇಕೆಂದು ತೀರ್ಮಾನಿಸುವುದು. ಅವಳು ಡಿಸೈನರ್ ಎಂದು ನಾನು ಹೇಳಿದ ಮಾರನೆಯ ದಿನ ಎದುರು ಮನೆಯ ಶಾರದಮ್ಮ ಎರಡು ಬ್ಲೌಸ್ ಪೀಸು ತಂದುಕೊಟ್ಟರು. ಅಯ್ಯೋ ಅದಲ್ಲ, ಅವಳು ಅಕ್ಷರ ಬರೀತಾಳೆ ಅಂದೆ. "ಓ, ಟೀಚರ್ರಾ. ಹಂಗಂತ ಹೇಳ್ಬಾರ್ದಾ ಮಾರಾಯ್ತಿ" ಎಂದು ಬ್ಲೌಸ್ ಪೀಸು ವಾಪಸ್ ತೆಗೆದುಕೊಂಡು ಹೋದರು. ಅಂದಿನಿಂದ, ನನ್ನ ಮಗಳು ಏನು ಮಾಡುತ್ತಾಳೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲಾರದ ತಾಯಿ ನಾನಾದೆ. ಕಾರಿನ ವಿಷಯದಲ್ಲಿ ಅಷ್ಟು ಮಾತಾಡುವ ಬಾಯಿ ಇಲ್ಲಿ ಕಟ್ಟಿಹೋಗುತ್ತಿತ್ತು.

ಅಂಥವಳಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು. ಭದ್ರಾವತಿ ರಸ್ತೆಯಲ್ಲಿ ಹೊಸದಾಗಿ ತೆರೆಯಲಿದ್ದ ಒಂದು ಹೋಟೆಲಿನ ಉದ್ದನೆಯ ಗೋಡೆಗೆ ಚಿತ್ರ ಬರೆಯುವುದು. ಮಾಲೀಕರು ಜೋಗದ ಜಲಪಾತ ಬರೆಯಲು ಹೇಳಿದ್ದರು. ಇವಳು, ಜೋಗ ಎಲ್ಲ ಹೋಟೆಲಿನ ಗೋಡೆಯ ಮೇಲೂ ಬೀಳುತ್ತಿದೆ, ನಿಮ್ಮ ಹೋಟೆಲು ಇರುವ ರಸ್ತೆಯದೇ ಚಿತ್ರ ಮಾಡೋಣ ಎಂದು ಹಟ ಹಿಡಿದಳು. "ಈ ರೋಡಲ್ಲಿ ಧೂಳು ಬಿಟ್ರೆ ಏನಿದೆಯಮ್ಮಾ?" ಎಂದರಂತೆ ಅವರು. ಕೊನೆಗೆ, ಸೋಮವಾರ ಏನಾದರೂ ತಂದು ತೋರಿಸು, ಇಲ್ಲದಿದ್ದರೆ ಜೋಗದ ದೊಡ್ಡ ಫೋಟೊ ಪ್ರಿಂಟ್ ಮಾಡಿಸಿ ಅಂಟಿಸಿಬಿಡುತ್ತೇನೆ ಎಂದು ಗಡುವು ಕೊಟ್ಟರು.

ಸೋಮವಾರದ ಹಿಂದಿನ ಭಾನುವಾರವೇ ನನ್ನ ತಮ್ಮನ ಮಗುವಿನ ನಾಮಕರಣ ಬಂತು. ತಮ್ಮನಿಗೆ ಮದುವೆಯಾಗಿದ್ದೇ ತಡವಾಗಿ. ಅವನ ಹೆಂಡತಿಯ ತವರು ಭದ್ರಾವತಿ, ಕಾರ್ಯ ಅಲ್ಲೇ. ಮಗುವಿಗೆ ನಾನೊಬ್ಬಳೇ ಸೋದರತ್ತೆ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನು. ನಾನು ಹೋಗದಿದ್ದರೆ ಮಗು ಹೆಸರಿಲ್ಲದೆ ತೊಟ್ಟಿಲಲ್ಲಿ ಕಾಯಬೇಕು. ಹೆಸರು ರಿಯಾಂಶ್ ಎಂದು ತಮ್ಮ ಮೊದಲೇ ತಿಳಿಸಿದ್ದ. ಅರ್ಥ ಕೇಳಿದ್ದಕ್ಕೆ "ಫೋನಲ್ಲಿ ನೋಡಿ ಹೇಳ್ತೀನಿ ಅಕ್ಕ" ಅಂದವನು ಇವತ್ತಿನವರೆಗೂ ಹೇಳಿಲ್ಲ.

ನಾನೇ ಕಾರು ಓಡಿಸಿಕೊಂಡು ಬರುತ್ತೇನೆಂದು ಬೀಗರಿಗೆಲ್ಲ ಫೋನು ಮಾಡಿ ಹೇಳಿದ್ದೆ. ದಾರಿಯಲ್ಲಿ ಮಗಳು ತನ್ನ ಗೋಡೆಗೆ ಬೇಕಾದ್ದನ್ನು ನೋಡಿಕೊಳ್ಳುವುದು ಎಂದೂ ಮಾತಾಯಿತು. ಯಜಮಾನರು ಬೆಳಗ್ಗೆಯೇ ಸ್ನಾನ ಮಾಡಿ, ಹಣ್ಣಿನ ಬುಟ್ಟಿ ಹಿಡಿದು ಬಸ್ಸಿಗೆ ಹೊರಟುನಿಂತರು. ಕಾರಿದೆಯಲ್ಲ ಎಂದೆ.

"ಇದೆ. ಆದ್ರೆ ನಮ್ಮ ಮನೆಯಿಂದ ಒಬ್ಬರಾದ್ರೂ ಟೈಮಿಗೆ ಸರಿಯಾಗಿ ಅಲ್ಲಿರಬೇಕಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಯೇಬಿಟ್ಟರು.

ತುಂಗೆಯ ಸೇತುವೆ ದಾಟಿ, ಮಲವಗೊಪ್ಪ ಬರುವವರೆಗೂ ನನ್ನ ಕಾರು ಹೂವಿನ ಹಾಗೆ ಹೋಯಿತು. ಆಮೇಲೆ ಸಿಂಚನ ಇದ್ದಕ್ಕಿದ್ದಂತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು.

"ಅಮ್ಮ, ನಿಲ್ಸು ನಿಲ್ಸು. ಸ್ವಲ್ಪ ಹಿಂದೆ ತಗೋ."

"ಯಾಕೆ?"

"ಆ ಮನೆ ಮೇಲೆ ಯಾರೋ ಕೂತಿದಾರೆ, ನೋಡ್ಬೇಕು."

ಹಿಂದೆ ತಗೋ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದೆ. ಅವಳು ಊರಲ್ಲಿಲ್ಲದ ವರ್ಷಗಳಲ್ಲಿ ನಾನು ಕಾರು ಕಲಿತದ್ದರಿಂದ ನಮ್ಮ ಖಾತೆ ಹಂಚಿಕೆ ಅವಳಿಗೆ ಗೊತ್ತಿರಲಿಲ್ಲ. "ಹೈವೇಲಿ ಹಿಂದೆ ತೆಗೆಯೋದು ಕಾನೂನು ಪ್ರಕಾರ ತಪ್ಪು" ಎಂದು ಗಂಭೀರವಾಗಿ ಹೇಳಿ ಮುಂದೆಯೇ ಹೋದೆ. ಡಿವೈಡರು ಎಲ್ಲಿ ಒಡೆದಿದೆಯೋ ಅಲ್ಲಿಯವರೆಗೆ ಹೋಗಿ, ತಿರುಗಿಸಿ, ಆಚೆ ಬದಿಯಲ್ಲಿ ವಾಪಸ್ ಬಂದು, ಆ ಮನೆಯನ್ನು ದಾಟಿ, ಮತ್ತೆ ತಿರುಗಿಸಿ ಬಂದು ನಿಲ್ಲಿಸಿದೆ. ಒಂದು ಮನೆ ನೋಡಲು ಮಲವಗೊಪ್ಪಕ್ಕೆ ಪ್ರದಕ್ಷಿಣೆ ಹಾಕಿದಂತಾಯಿತು.

ಮನೆ ಇನ್ನೂ ಕಟ್ಟುತ್ತಿದ್ದರು. ಮೇಲಿನ ತಾರಸಿಯ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂದು ಪ್ಯಾಂಟು, ಕನ್ನಡಕ ಹಾಕಿಕೊಂಡ ಗಂಡಸೊಬ್ಬರು ಕಾಲಮೇಲೆ ಕಾಲು ಹಾಕಿ ಕೂತಿದ್ದರು. ನನಗೆ ಅವರು ಹೊಸಬರಲ್ಲ. ತಿಂಗಳುಗಳಿಂದ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅವರನ್ನು ನೋಡಿದ್ದೆ. ಒಂದು ಸಲ ಕಣ್ಣಿಗೆ ಕಣ್ಣು ಸಿಕ್ಕಂತಾಗಿ ನಮಸ್ಕಾರ ಮಾಡಿದ್ದೆ, ಅವರು ಪ್ರತಿನಮಸ್ಕಾರ ಮಾಡದಿದ್ದಾಗ ದುಡ್ಡಿನ ಅಹಂಕಾರ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ಹತ್ತಿರದಿಂದ ನೋಡಿದರೆ ಅಂಗಿಯ ತೋಳಿನಿಂದ ಹುಲ್ಲು ಇಣುಕುತ್ತಿತ್ತು. ದೃಷ್ಟಿ ಗೊಂಬೆ.

ಮನೆಯೊಡತಿ ಕೆಳಗೆ ಇಟ್ಟಿಗೆಗೆ ನೀರು ಹಾಕುತ್ತಿದ್ದವರು ಬಂದು ಮಾತಾಡಿಸಿದರು. "ಅಂಗಡೀಲಿ ಸಿಗೋ ರಾಕ್ಷಸನ ಮುಖ ತಂದಿದ್ವಿ ಅಕ್ಕ. ಮೊಮ್ಮಗು ನೋಡಿ ಜ್ವರ ಹಿಡಿಸ್ಕೊಳ್ತು. ಅದಕ್ಕೆ ಇವರದೇ ಹಳೇ ಬಟ್ಟೆ ಹಾಕಿ ಕೂರಿಸ್ದೆ. ಒಳ್ಳೇದೇ ಆಯ್ತು. ಯಜಮಾನ್ರು ನೋಡ್ತಿದಾರೆ ಅಂತ ಗಾರೆಯವರು ಬೀಡಿ ಸೇದೋಕೂ ಕೂರಲ್ಲ."

"ಯಜಮಾನ್ರು ಎಲ್ಲಿ?" ಎಂದು ಕೇಳಿದೆ.

"ಮಲಗಿದಾರೆ. ಮೇಲೆ ಅವರು ಕೂತಿರೋವಾಗ ಇವರಿಗೇನು ಕೆಲಸ?"

ಸಿಂಚನ ಚಿತ್ರ ಗೀಚಿಕೊಂಡು, ಫೋಟೊ ತೆಗೆದುಕೊಂಡು, ಇದನ್ನು ಒಂದು ಗೋಡೆಯ ಮೇಲೆ ಬರೆಯಬಹುದೇ ಎಂದು ಕೇಳಿದಳು. ಆಕೆ ಒಪ್ಪಿದರು, ಅಂಗಿಯ ಕಾಲರು ಸರಿಯಾಗಿ ಬರಲಿ ಎಂದು ಷರತ್ತು ಹಾಕಿದರು.

ನಿದಿಗೆ ದಾಟಿದ ಮೇಲೆ ಮತ್ತೆ ಅದೇ ರಾಗ. "ಅಮ್ಮ, ಹಿಂದೆ ತಗೋ." ಈ ಸಲ ನಾನು ಹಿಂದೆ ಲಾರಿ ಇದೆ ಅಂದೆ. ಲಾರಿ ಹೋದ ಮೇಲೆ, ಪೆಟ್ರೋಲು ಜಾಸ್ತಿ ಕುಡಿಯುತ್ತೆ ಅಂದೆ. ಮತ್ತೆ ದೊಡ್ಡ ಸುತ್ತು ಹಾಕಿ ಒಂದು ಪಂಚರ್ ಅಂಗಡಿಯ ಮುಂದೆ ಬಂದು ನಿಂತೆವು. ಕಪ್ಪು ಗೋಡೆಯ ಮೇಲೆ ಆಳೆತ್ತರದ ಬಿಳಿ ಅಕ್ಷರದಲ್ಲಿ ಪಂಚರ್ ಎಂದಿತ್ತು. ಪ ಮತ್ತು ಚರ್ ಬಣ್ಣದಲ್ಲಿ ಬರೆದದ್ದು. ನಡುವಿನ ಸೊನ್ನೆ ಮಾತ್ರ ಮೊಳೆಗೆ ನೇತುಹಾಕಿದ, ಸುಣ್ಣ ಬಳಿದ ನಿಜವಾದ ಸೈಕಲ್ ಟೈರು. ನನ್ನ ಮಗಳು ಅದರ ಮುಂದೆ ದೇವಸ್ಥಾನದಲ್ಲಿ ನಿಂತಂತೆ ನಿಂತುಬಿಟ್ಟಳು.

ಅಂಗಡಿಯ ಬಾಷಾ ಭಾಯ್ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಪೇಂಟರ್ ಸೊನ್ನೆ ಮರ್ತು ಹೋದ ಅಕ್ಕ. ಕರೆದ್ರೆ ಬರ್ಲೇ ಇಲ್ಲ. ನಾನೇ ಟೈರ್ ತಗಲಾಕ್ದೆ. ಒಂದ್ಸಲ ಗಿರಾಕಿ ಬಂದು ಅದೇ ಟೈರ್ ಬೇಕು ಅಂದ, ಬಿಚ್ಚಿ ಕೊಟ್ಟೆ. ಇನ್ನೊಂದು ಸಿಗೋವರೆಗೂ ಅಂಗಡಿ ಪಚರ್ ಆಗೇ ಇತ್ತು."

"ಜನ ಬರ್ತಿದ್ರಾ?" ಸಿಂಚನ ಕೇಳಿದಳು.

"ಬರ್ದೇ ಏನು ಬೇಟಿ. ಚಕ್ರದಲ್ಲಿ ಗಾಳಿ ಇಲ್ದಿರೋನು ಸ್ಪೆಲ್ಲಿಂಗ್ ನೋಡ್ತಾನಾ?"

ಕಾರು ಹತ್ತುವಾಗ ಅವಳ ಮುಖ ನೋಡಬೇಕಿತ್ತು. "ನಮ್ಮ ಅಕ್ಷರ ಎಷ್ಟು ದುಂಡಗಿದೆ ನೋಡಮ್ಮ, ಟೈರು ಹಾಕಿದ್ರೂ ಸರಿಹೋಗುತ್ತೆ. ಬೇರೆ ಯಾವ ಊರಿನ ಗೋಡೇಲಿ ಇದು ಸಿಗುತ್ತೆ ಹೇಳು" ಅಂದಳು. ಆಫೀಸಿನಲ್ಲಿ ಇಷ್ಟು ವರ್ಷ ಸಾವಿರಾರು ಸೊನ್ನೆ ಬರೆದಿದ್ದೇನೆ, ಅದರಲ್ಲಿ ಗಾಳಿ ತುಂಬಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅವಳು ಏನು ಕೆಲಸ ಮಾಡುತ್ತಾಳೆಂಬುದು ನನಗೆ ಅಲ್ಲಿ ಸ್ವಲ್ಪ ಅರ್ಥವಾದಂತಾಯಿತು. ಆ ಸಂತೋಷದಲ್ಲಿ ನಾನಿರುವಾಗಲೇ ಅವಳು ನನ್ನ ಕಡೆ ತಿರುಗಿದಳು.

"ಅಮ್ಮ, ನಿಂಗೆ ರಿವರ್ಸ್ ಬರಲ್ವಾ?"

"ಬರುತ್ತೆ" ಅಂದೆ. "ಇಷ್ಟ ಇಲ್ಲ."

ಅವಳು ನಗಲಿಲ್ಲ. "ಸರಿ, ಇನ್ಮೇಲೆ ಮುಂಚೇನೇ ನೋಡಿ ಹೇಳ್ತೀನಿ. ನೀನೂ ನೋಡ್ತಿರು" ಎಂದು ಕಣ್ಣು ರಸ್ತೆಯ ಉದ್ದಕ್ಕೂ ಹಾಯಿಸಿ ಕೂತಳು. ನೀನೂ ನೋಡ್ತಿರು ಎಂದದ್ದೇ ತಪ್ಪಾಯಿತು. ಅದುವರೆಗೆ ಮುಂದಿನ ಬಸ್ಸಿನ ಹಿಂಭಾಗ ಬಿಟ್ಟು ಬೇರೇನೂ ನೋಡದಿದ್ದ ನಾನು ಈಗ ಎರಡೂ ಬದಿ ನೋಡತೊಡಗಿದೆ. ನೋಡತೊಡಗಿದರೆ ಏನು ಕಡಿಮೆ? ನಾಲ್ಕೇ ಜನ ನಿಲ್ಲಬಹುದಾದ ಒಂದು ಬಸ್ ಸ್ಟಾಪಿನ ಮೇಲೆ, ಅದನ್ನು ಕಟ್ಟಿಸಿದವರ ಹೆಸರಿನ ಫಲಕ ಬಸ್ ಸ್ಟಾಪಿಗಿಂತ ದೊಡ್ಡದಿತ್ತು. ಮಳೆ ಬಂದರೆ ಜನ ಫಲಕದ ಕೆಳಗೇ ನಿಲ್ಲುತ್ತಿದ್ದಿರಬೇಕು. ಅದನ್ನು ಮೊದಲು ಕಂಡವಳು ನಾನು. ಮುಂಚೆಯೇ ಕಂಡಿದ್ದರಿಂದ ಸುತ್ತು ಹಾಕದೆ ಸರಿಯಾಗಿ ಅದರ ಎದುರಿಗೇ ನಿಲ್ಲಿಸಿದೆ. "ಸೂಪರ್ ಅಮ್ಮ" ಅಂದಳು ಮಗಳು. ಕಾಲೇಜು ಓದುವಾಗಲೂ ನನ್ನನ್ನು ಯಾರೂ ಇಷ್ಟು ಮನಸಾರೆ ಹೊಗಳಿದ ನೆನಪಿಲ್ಲ.

ಭದ್ರಾವತಿ ತಲುಪುವ ಹೊತ್ತಿಗೆ ಯಜಮಾನರ ಫೋನು ಶುರುವಾಗಿತ್ತು. ತೊಟ್ಟಿಲು ಕಟ್ಟಿ ಆಗಿತ್ತು, ಬೀಗರ ಕಡೆಯ ಮುತ್ತೈದೆಯರೆಲ್ಲ ಬಂದು ಕೂತಿದ್ದರಂತೆ. ಇನ್ನು ಎಲ್ಲಿಯೂ ನಿಲ್ಲಿಸಬಾರದೆಂದು ನಾನೇ ಮಗಳಿಗೆ ಕಟ್ಟಪ್ಪಣೆ ಮಾಡಿದೆ. ಮಾಡಿ ಒಂದು ಗಳಿಗೆಯಾಗಿರಲಿಲ್ಲ, ಎಡಗಡೆ ಮನೆಗಳ ಸಾಲಿನ ಮೇಲೆ, ಆಕಾಶಕ್ಕೆ ಎದ್ದು ನಿಂತ ಒಂದು ಪ್ರೆಷರ್ ಕುಕ್ಕರ್ ಕಂಡಿತು. ಒಬ್ಬ ಆಳು ಒಳಗೆ ಕೂರಬಹುದಾದಷ್ಟು ದೊಡ್ಡದು. ಎರಡು ಹಿಡಿ, ಮುಚ್ಚಳ, ಮೇಲೊಂದು ಸೀಟಿ. ನೋಡನೋಡುತ್ತಿದ್ದಂತೆ ಆ ಸೀಟಿಯಿಂದ ನೀರು ಬುಸ್ಸೆಂದು ಚಿಮ್ಮಿತು. ಮಗಳು ಫೋನಿನಲ್ಲಿ ಅಪ್ಪನಿಗೆ ಸಮಾಧಾನ ಹೇಳುತ್ತಿದ್ದಳು, ಅವಳು ನೋಡಿಯೇ ಇರಲಿಲ್ಲ. ಸುಮ್ಮನೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ನಾಳೆ ಸೋಮವಾರ, ಆ ಗೋಡೆಗೆ ಜೋಗ ಬೀಳುತ್ತದೆ ಎಂಬುದೊಂದೇ ತಲೆಯಲ್ಲಿ ಬಂತು. ಸ್ಟೀರಿಂಗ್ ತಾನಾಗಿ ಎಡಕ್ಕೆ ತಿರುಗಿತು. ಕಾರು ಒಂದು ಗಲ್ಲಿಯೊಳಗೆ ಹೋಯಿತು. ಎರಡೂ ಕಡೆಯ ಕಾಂಪೌಂಡು ಕಾರಿನ ಕಿವಿಗೆ ತಾಗುವಂಥ ಗಲ್ಲಿ.

ಕುಕ್ಕರ್ ನೀರಿನ ಟ್ಯಾಂಕು. ಅದರ ಮಾಲೀಕರು ಮುನುಸ್ವಾಮಿ, ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚು ಹೊಯ್ಯುವ ಕೆಲಸದಿಂದ ನಿವೃತ್ತರಾದವರು. ಸಿಮೆಂಟಿನಲ್ಲಿ ತಾವೇ ಮಾಡಿ ಬೆಳ್ಳಿ ಬಣ್ಣ ಬಳಿದಿದ್ದರು. "ನಮ್ಮವಳು ಮೋಟಾರ್ ಹಾಕಿ ಮರ್ತುಬಿಡ್ತಿದ್ಲು ಮೇಡಂ. ದಿನಾ ಟ್ಯಾಂಕ್ ತುಂಬಿ ಬೀದೀಲಿ ನೀರು. ಆದ್ರೆ ಕುಕ್ಕರ್ ಕೂಗಿದ್ರೆ ಎಲ್ಲಿದ್ರೂ ಓಡಿ ಬರ್ತಾಳೆ. ಅದಕ್ಕೇ ಇದನ್ನ ಮಾಡ್ದೆ." ಒಳಗಿನಿಂದ ಹೆಂಡತಿ ಸೆಲ್ವಿ ಬಂದು, "ಮರೀತಿದ್ದೋರು ಇವರು" ಎಂದಷ್ಟೇ ಹೇಳಿ ನಮಗೆ ಮಜ್ಜಿಗೆ ಕೊಟ್ಟರು. ಸಿಂಚನ ಇನ್ನೊಮ್ಮೆ ನೋಡಬೇಕೆಂದಾಗ ಮುನುಸ್ವಾಮಿ "ಸೆಲ್ವಿ, ಮೋಟಾರ್ ಪೋಡು" ಎಂದು ತಮಿಳಿನಲ್ಲಿ ಕೂಗಿ ಮೋಟಾರು ಹಾಕಿಸಿದರು. ಟ್ಯಾಂಕು ತುಂಬಿಯೇ ಇದ್ದುದರಿಂದ ಸೀಟಿ ಮತ್ತೆ ಚಿಮ್ಮಿತು. ಅದನ್ನು ಕಂಡು ಅಕ್ಕಪಕ್ಕದ ಮನೆಯವರೂ ತಮ್ಮ ತಮ್ಮ ಮೋಟಾರು ಆರಿಸಿಕೊಂಡರು. ಗಲ್ಲಿಗೆಲ್ಲ ಅದೇ ಗಡಿಯಾರವಂತೆ.

ಅಷ್ಟರಲ್ಲಿ ನನಗೆ ಫೋನು ಬಂತು.

"ಎಲ್ಲಿದೀಯ?" ಯಜಮಾನರು.

"ಭದ್ರಾವತಿಲೇ ಇದೀನಿ ಕಣ್ರೀ."

"ಭದ್ರಾವತಿಲಿ ಎಲ್ಲಿ?"

"ಕುಕ್ಕರ್ ಹತ್ರ" ಎಂದೆ, ಫೋನು ಕಟ್ಟಾಯಿತು. ಆಮೇಲೆ ಗೊತ್ತಾದದ್ದೇನೆಂದರೆ, ಅವರು ಅಲ್ಲಿ ನೆರೆದವರಿಗೆಲ್ಲ, "ಬಂದಾಗಿದೆಯಂತೆ, ಆಗಲೇ ಅಡುಗೆಮನೆ ಸೇರಿದಾಳೆ" ಎಂದು ಸಾರಿಬಿಟ್ಟಿದ್ದರು. ಬೀಗಿತ್ತಿಯರು ಅಡುಗೆಮನೆ, ಉಗ್ರಾಣ, ಹಿತ್ತಿಲನ್ನೆಲ್ಲ ಹುಡುಕಿದರಂತೆ.

ಗಾಬರಿಯಿಂದ ಕಾರು ಹತ್ತಿ ನೋಡಿದರೆ ಗಲ್ಲಿಯ ಆ ತುದಿಯಲ್ಲಿ ಶಾಮಿಯಾನದ ಕುರ್ಚಿ ತುಂಬಿದ ಟೆಂಪೊ ಎದುರಿಗೆ ನಿಂತಿತ್ತು. ಮುಂದೆ ಟೆಂಪೊ, ಹಿಂದೆ ಬಂದ ದಾರಿ. ಮುನುಸ್ವಾಮಿ ಕಿಟಕಿಗೆ ಬಗ್ಗಿ, "ಬೇಕಿದ್ರೆ ನಾನು ತೆಗೆದುಕೊಡ್ಲಾ ಮೇಡಂ?" ಎಂದರು. ಬೇಕು ಎಂದು ಹೇಳಲು ಬಾಯಿ ತೆರೆದೆ. ಮಗಳು ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳಾದರೂ ಯಾರೂ ಕೇಳದ ಚಿತ್ರ ಬರೆಯುತ್ತೇನೆಂದು ಒಂದು ಹೋಟೆಲಿನ ಮಾಲೀಕರ ಎದುರು ಹಟ ಮಾಡಿ ಬಂದಿದ್ದಳಲ್ಲ. "ಬೇಡ, ನಾನೇ ತೆಗೀತೀನಿ" ಎಂಬ ಮಾತು ಬಾಯಿಂದ ಬಿತ್ತು.

ಗೇರು ಹಾಕಿದೆ. ಕನ್ನಡಿಯನ್ನು ನಂಬುವುದಿಲ್ಲವೆಂದು ತೀರ್ಮಾನಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಾ ಕ್ಲಚ್ಚು ಬಿಟ್ಟೆ. ಕಾರು ಹಿಂದಕ್ಕೆ ಹೊರಟಿತು. ಹೊರಟದ್ದನ್ನು ನಿಲ್ಲಿಸಿದರೆ ಮತ್ತೆ ಹೊರಡಲಾರೆನೆಂಬ ಭಯದಲ್ಲಿ ನಿಲ್ಲಿಸದೆ ಆಮೆಯಂತೆ ಬಂದೆ. "ಬರ್ಲಿ ಬರ್ಲಿ, ರೈಟ್, ಲೆಫ್ಟ್ ಹೊಡೀರಿ, ಸ್ವಲ್ಪ ಸ್ವಲ್ಪ" ಎಂದು ಮುನುಸ್ವಾಮಿ ಹಿಂದೆ ಹಿಂದೆ ನಡೆಯುತ್ತಿದ್ದರು. ಸೆಲ್ವಿ ಮಜ್ಜಿಗೆಯ ಚೊಂಬು ಹಿಡಿದೇ ಜೊತೆಗೆ ಬಂದರು. ಒಂದೊಂದು ಗೇಟಿನಿಂದ ಒಬ್ಬೊಬ್ಬರು ಸೇರಿಕೊಂಡರು. ಒಬ್ಬರು ಕನ್ನಡದಲ್ಲಿ ಎಡಕ್ಕೆ ಅಂದರೆ ಇನ್ನೊಬ್ಬರು ತಮಿಳಿನಲ್ಲಿ, ಮತ್ತೊಬ್ಬರು ತೆಲುಗಿನಲ್ಲಿ ಅದನ್ನೇ ಹೇಳಿದರು. ಲುಂಗಿ ಉಟ್ಟ ಒಬ್ಬಾತ ಎಲ್ಲರಿಗಿಂತ ಜೋರಾಗಿ ಬಾನೆಟ್ಟಿನ ಮುಂದೆ ಕೈ ಬೀಸುತ್ತಿದ್ದ. ಮುಖ್ಯರಸ್ತೆಗೆ ಬಂದು ನಿಂತಾಗ ಕಾಂಪೌಂಡಿಗೂ ಕಾರಿಗೂ ಎಲ್ಲಿಯೂ ಗೀರು ಬಿದ್ದಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನ್ನ ಎದೆ ಆ ಟ್ಯಾಂಕಿನಂತೆಯೇ ತುಂಬಿಹೋಯಿತು.

ಲುಂಗಿಯಾತ ಕಿಟಕಿಯ ಹತ್ತಿರ ಬಂದ. "ಚೆನ್ನಾಗಿ ತೆಗೆದ್ರಿ ಮೇಡಂ. ಆ ಟೆಂಪೊ ನಂದೇ. ಸುಮ್ನೆ ಅಲ್ಲಿ ನಿಲ್ಸಿದ್ದೆ, ಪಕ್ಕದ ಖಾಲಿ ಸೈಟಿಗೆ ಹಾಕ್ಬಹುದಿತ್ತು. ನೀವು ಅಷ್ಟು ಧೈರ್ಯವಾಗಿ ಶುರು ಮಾಡಿದ್ರಲ್ಲ, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ."

ಮಗಳ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ಅರ್ಧ ದಾರೀಲಿ ಗೊತ್ತಾಯ್ತು" ಎಂದಳು. "ಆದ್ರೆ ನಿಂಗೆ ಬರ್ತಾ ಇತ್ತಲ್ಲ ಅಮ್ಮ."

ನಾಮಕರಣದ ಮನೆಯಲ್ಲಿ ನಡೆದದ್ದನ್ನು ಹೆಚ್ಚು ಹೇಳುವುದಿಲ್ಲ. ಸೀದಾ ತೊಟ್ಟಿಲ ಬಳಿ ಹೋಗಿ, ಮಗುವಿನ ಸೊಂಟಕ್ಕೆ ಉಡುದಾರ ಕಟ್ಟಿ, ಕಿವಿಯ ಹತ್ತಿರ ಬಗ್ಗಿ "ರಿ" ಎಂದೆ. ನಾಲಿಗೆ ಇನ್ನೂ ಆ ಗಲ್ಲಿಯಲ್ಲೇ ಇತ್ತು, ಬೇರೆಯೇ ಪದದ ಕಡೆಗೆ ತಿರುಗಿತು. ಕಡೆಯ ಗಳಿಗೆಯಲ್ಲಿ ಬ್ರೇಕು ಹಾಕಿ ಯಾಂಶ್ ಎಂದು ಮುಗಿಸಿದೆ. ಇಲ್ಲದಿದ್ದರೆ ಆ ಕೂಸು ಜೀವಮಾನವಿಡೀ ರಿವರ್ಸ್ ಎಂಬ ಹೆಸರು ಹೊತ್ತು ತಿರುಗಬೇಕಿತ್ತು. ಊಟಕ್ಕೆ ಕೂತಾಗ ಬೀಗಿತ್ತಿಯೊಬ್ಬರು ಸಿಂಚನಾಳನ್ನು ನೋಡಿ, "ಮಗಳು ಏನ್ ಮಾಡ್ತಾಳೆ?" ಎಂದು ಕೇಳಿದರು. ಈ ಸಲ ನನ್ನ ಬಾಯಿ ಕಟ್ಟಲಿಲ್ಲ. "ನಾವು ದಿನಾ ನೋಡಿದ್ರೂ ಕಾಣ್ದೇ ಇರೋದನ್ನ ಕಾಣೋ ಹಾಗೆ ಮಾಡ್ತಾಳೆ" ಎಂದೆ. ಅವರು ಸ್ವಲ್ಪ ಯೋಚಿಸಿ, "ಕಣ್ಣಿನ ಡಾಕ್ಟರಾ?" ಎಂದರು. ಪರವಾಗಿಲ್ಲ, ಟೀಚರಿಗಿಂತ ಒಂದು ಮೆಟ್ಟಿಲು ಮೇಲಾಯಿತು ಎಂದುಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಸೋಮವಾರ ಹೋಟೆಲಿನ ಮಾಲೀಕರು ಚಿತ್ರಗಳನ್ನು ಒಂದೊಂದಾಗಿ ತಿರುವಿದರಂತೆ. ಕುರ್ಚಿಯ ಮೇಲಿನ ಗೊಂಬೆ ಬಂದಾಗ ಕೈ ನಿಂತಿತಂತೆ. "ಇವರಿಗೆ ನಾನು ದಿನಾ ಕೈ ಎತ್ತಿ ನಮಸ್ಕಾರ ಮಾಡ್ತೀನಲ್ಲಮ್ಮ" ಎಂದರಂತೆ. ಜೋಗ ಬೀಳಲಿಲ್ಲ.

ಈಗ ಆ ಗೋಡೆ ನೋಡಲೆಂದೇ ಜನ ಹೋಟೆಲಿಗೆ ಬರುತ್ತಾರೆ. ಇಸ್ತ್ರಿ ಅಂಗಿಯ ಯಜಮಾನರಿದ್ದಾರೆ, ಕಾಲರು ಸರಿಯಾಗಿದೆ. ಟೈರಿನ ಸೊನ್ನೆಯಿದೆ, ಬಾಷಾ ಭಾಯ್ ಕೇಳಿಕೊಂಡಿದ್ದಕ್ಕೆ ಅಂಗಡಿಗೆ ಹೋಗುವ ದಾರಿಯ ಬಾಣವೂ ಇದೆ. ಫಲಕದ ಕೆಳಗೆ ಬಸ್ ಸ್ಟಾಪಿದೆ, ಕುಕ್ಕರ್ ನೀರು ಚಿಮ್ಮಿಸುತ್ತಿದೆ. ಅದರ ಕೆಳಗಿನ ಗಲ್ಲಿಯಲ್ಲಿ ಒಂದು ಕೆಂಪು ಕಾರು ಹಿಂದಕ್ಕೆ ಬರುತ್ತಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿದ ಒಬ್ಬ ಹೆಂಗಸು ಯುದ್ಧ ಗೆದ್ದು ಬರುವವಳ ಹಾಗೆ ಕಾಣುತ್ತಾಳೆ. ಸುತ್ತ ಗಲ್ಲಿಯ ಜನವೆಲ್ಲ ಇದ್ದಾರೆ, ಮಜ್ಜಿಗೆಯ ಚೊಂಬೂ ಇದೆ. ಅವಳು ಯಾರೆಂದು ಯಾರಾದರೂ ಕೇಳಲಿ ಎಂದು ನಾನು ಆ ಗೋಡೆಯ ಪಕ್ಕದ ಟೇಬಲಿನಲ್ಲೇ ಕೂರುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ನಮ್ಮ ಯಜಮಾನರು ಈಗ ನನ್ನ ಜೊತೆ ಕಾರಿನಲ್ಲೇ ಬರುತ್ತಾರೆ, ತಲೆ ತಗ್ಗಿಸಿ ದೋಸೆ ತಿನ್ನುತ್ತಾರೆ.

ಆದರೆ ಹೋಟೆಲಿನ ಮುಂದೆ ಕಾರು ನಿಲ್ಲಿಸುವಾಗ, ಆಮೇಲೆ ಮುಂದಕ್ಕೇ ಹೊರಡಬಹುದಾದ ಜಾಗ ನೋಡಿಯೇ ನಿಲ್ಲಿಸುತ್ತೇನೆ. ಅಂಥ ಜಾಗ ಇಲ್ಲದ ದಿನ ದೋಸೆ ಬೇಡವೆಂದು ವಾಪಸ್ ಬಂದದ್ದೂ ಉಂಟು. ಗೋಡೆಯ ಮೇಲಿರುವ ಆ ಹೆಂಗಸಿನ ಮಾನ ಕಾಪಾಡುವ ಹೊಣೆ ನನ್ನ ಮೇಲಿದೆ.